ಹಗೇವು ಮುಚ್ಚುವ ಮೊದಲು

ನಮ್ಮ ಮನಿ ಮುಂದಿನ ಹಗೇವಿಗೆ ಕಲ್ಲು-ಮಣ್ಣು ತುಂಬಿದಾಂವ ನಾನೇ. ಓಣಿಗೆ ಸಿಮೆಂಟ್ ರಸ್ತೆ ಬಂದಾಗ ಎಲ್ಲರೂ ಮುಚ್ಚಿದರು, ನಾನೂ ಮುಚ್ಚಿದೆ. ಆ ತಪ್ಪು ಒಪ್ಪಿಕೊಂಡೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಕ್ರೆಸಿಂಗ್ ಟೆಂಪಲ್ ಎಂಬಲ್ಲಿ 13ನೇ ಶತಮಾನದ ಎರಡು ದೊಡ್ಡ ಕಟ್ಟಿಗೆ ಕಣಜಗಳು ಇನ್ನೂ ನಿಂತಿವೆ. ಒಂದು ಗೋಧಿಯದು, ಒಂದು ಬಾರ್ಲಿಯದು. ಜನ ಹೋಗಿ ನೋಡುತ್ತಾರೆ. ನಮ್ಮ ಧಾರವಾಡ ಸೀಮಿಯ ಕಣಜ ನೆಲದೊಳಗ ಇತ್ತು. ಹಿಂಗಾಗಿ ಅದು ಹೋದದ್ದೂ ಯಾರ ಕಣ್ಣಿಗೂ ಬೀಳಲಿಲ್ಲ.

ಹಗೇವಿಗೆ ಎರಿ ಮಣ್ಣು ಬಿಟ್ಟು, ನೀರು ನಿಲ್ಲದ ಎತ್ತರದ ಗರಸು ನೆಲ ಆರಿಸುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಗುಡಾಣದ ಹಾಂಗ ಅಗಲ. ತಳಕ್ಕ, ಸುತ್ತಲೂ ಕಣಿಕಿ-ಹೊಟ್ಟು ಹಾಕಿ, ಚೆನ್ನಾಗಿ ಒಣಗಿದ ಜೋಳ ಸುರುವಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯ ಆಮ್ಲಜನಕವನ್ನು ಕಾಳು, ಹುಳ ಉಸಿರಾಡಿ ಮುಗಿಸುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತುಂಬಿ ಹುಳ ಸಾಯುತ್ತಿತ್ತು. ಔಷಧದ ಗುಳಿಗೆ ಬೇಕಿರಲಿಲ್ಲ.

ದೋಷ ಇರಲಿಲ್ಲ ಅಂತಲ್ಲ. ಗೋಡೆಗೆ ಹತ್ತಿದ ಕಾಳು ಮುಗ್ಗುತ್ತಿತ್ತು. ಬಿತ್ತನಿ ಬೀಜ ಅದರಾಗ ಹಾಕುತ್ತಿರಲಿಲ್ಲ. ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದೂ ಐತಿ. ನಮ್ಮಜ್ಜ ಬಾಯಿ ತೆಗೆದು ಒಂದು ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಯಾರೂ ಇಳಿಯುವಂಗಿಲ್ಲ.

1972ರ ಬರದಾಗ ಹಗೇವಿನ ಜೋಳವೇ ಮನಿ ಉಳಿಸಿತು ಅಂತ ಅಪ್ಪ ಹೇಳುತ್ತಿದ್ದ. ಅದೇ ವರ್ಷ ಧಾರವಾಡದ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಹತ್ತಿ ಬಂತು. ಬರಬರುತ್ತ ಜೋಳದ ಹೊಲ ಹತ್ತಿಗೆ ಹೋಯಿತು, ಆಮೇಲೆ ಗೋವಿನಜೋಳಕ್ಕ, ಸೋಯಾಕ್ಕ. ಊಟಕ್ಕ ರೇಷನ್ ಅಕ್ಕಿ ಬಂತು. ತುಂಬಲು ಕಾಳೇ ಇಲ್ಲದ ಮೇಲೆ ಹಗೇವು ಯಾಕ ಅಂದೆವು.

ಆದರೆ ಹಗೇವಿನ ಜೊತೆ ನಾವು ಕಾಯುವ ಶಕ್ತಿಯನ್ನೂ ಮುಚ್ಚಿದೆವು. ಹಿಂದಿನ ವರ್ಷ ಶಿವರಾತ್ರಿ ಮುಂದ ರಾಶಿ ಮಾಡಿ, ಇಡಲು ಜಾಗ ಇಲ್ಲದ್ದಕ್ಕ ವ್ಯಾಪಾರಿ ಕೇಳಿದ ದರಕ್ಕ ಬಿಳಿಜೋಳ ಕೊಟ್ಟೆ. ಕಾರಹುಣ್ಣಿವೆಗೆ ರೊಟ್ಟಿಗಂತ ಅಂಥದೇ ಜೋಳ ಹೆಚ್ಚು ರೊಕ್ಕ ಕೊಟ್ಟು ತಂದೆ. ಬೆಳೆದಾಂವನೇ ಕೊಂಡು ತಿನ್ನುವುದು ಎಂಥ ಒಕ್ಕಲುತನ?

ಎಲ್ಲರೂ ಮತ್ತೆ ಹಗೇವು ತೋಡಿರಿ ಅನ್ನುವುದಿಲ್ಲ. ನೆಲದಾಗ ತೇವ ಏರಿದ ಊರಿಗೆ ಅದು ಸಲ್ಲದು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಈಗ ಸಿಗುತ್ತಾವು. ಅವೂ ಇದೇ ತತ್ವದಾಗ ಕಾಳು ಕಾಯುತ್ತಾವು. ಊಟದ ಕಾಳಾದರೂ ಅದರಾಗ ಇಡೋಣ. ಉಳಿದ ಹಗೇವುಗಳನ್ನು ಮಾತ್ರ ತುಂಬಬ್ಯಾಡ್ರಿ. ಬಾಯಿಗೆ ಭದ್ರ ಕಲ್ಲು ಮುಚ್ಚಿ ಇಡ್ರಿ, ತುಂಬಿದ ಹಿರಿಯರಿದ್ದರೆ ಕೇಳಿ ಬರೆದಿಡ್ರಿ. ನಮ್ಮ ಮನಿಯಾಗ ಕೇಳಲು ಈಗ ಯಾರೂ ಉಳಿದಿಲ್ಲ.