ಅರವತ್ತರ ಗಾದೆ, ನಲವತ್ತರ ನೋವು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕನ್ನಡಿಗರಿಗೆಲ್ಲ ಬಾಯಿಪಾಠ. ಬೀದರ ನಗರದ ಓಣಿಗಳಲ್ಲಿ, ಭಾಲ್ಕಿಯ ಸಂತೆಯಲ್ಲಿ, ಔರಾದದ ಕಟ್ಟೆಗಳ ಮೇಲೆ ಅದು ನಗೆಯ ಮಾತಾಗಿ ಕೇಳಿಬರುತ್ತದೆ. ಮನಸ್ಸು ಕದಡುವುದು ಮುಪ್ಪಿನಲ್ಲಿ. ದುಡಿಯುವ ವಯಸ್ಸಿನವರ ಮನಸ್ಸು ಗಟ್ಟಿ ಎಂಬ ನಂಬಿಕೆ ಆ ನಗೆಯ ಹಿಂದೆ ಅಡಗಿದೆ. ಈ ನಂಬಿಕೆ ನಿಜವಲ್ಲ. ಅದರಿಂದಾಗುವ ಹಾನಿಯೂ ಸಣ್ಣದಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಸುಮಾರು 35 ಸಾವಿರ ವಯಸ್ಕರನ್ನು ವಿಚಾರಿಸಲಾಯಿತು. ಅವರಲ್ಲಿ ನೂರಕ್ಕೆ 10ಕ್ಕಿಂತ ತುಸು ಹೆಚ್ಚು ಮಂದಿ ಆಗ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಖಿನ್ನತೆ, ಅತಿಯಾದ ಆತಂಕ, ಕುಡಿತದ ಚಟ ಎಲ್ಲವೂ ಈ ಲೆಕ್ಕದೊಳಗೆ ಬಂದಿವೆ. ಕಾಯಿಲೆಗೆ ಹೆಚ್ಚಾಗಿ ಈಡಾದವರು ಗಾದೆ ಹೇಳುವ ಮುದುಕರಲ್ಲ, 40ರಿಂದ 49ರ ವಯೋಮಾನದವರು. ಸಮೀಕ್ಷೆಯ ಪೂರ್ವಪ್ರಯೋಗ ಕೋಲಾರದಲ್ಲಿ ನಡೆದಿತ್ತಾದರೂ ಆ 12 ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲ. ಬೀದರ ಜಿಲ್ಲೆಯ ಅಂಕಿಗಳನ್ನು ಅದರಲ್ಲಿ ಹುಡುಕಿ ಫಲವಿಲ್ಲ. ಆದರೆ ಇಲ್ಲಿನ ಬದುಕನ್ನು ಬಲ್ಲವರಿಗೆ ಆ ಮಾತು ಹೊಸದೆನಿಸಲಾರದು.

ಔರಾದ ತಾಲ್ಲೂಕಿನಲ್ಲಿ ಮಳೆಯನ್ನೇ ನಂಬಿ ತೊಗರಿ, ಉದ್ದು, ಸೋಯಾ ಬಿತ್ತುವ ರೈತನ ವಯಸ್ಸು ಅದು. ಸಾಲದ ಕಂತು, ಮಗಳ ಮದುವೆ, ಮಗನ ಕಾಲೇಜು, ಮುದಿ ತಾಯಿತಂದೆಗಳ ಔಷಧ ಎಲ್ಲವೂ ಒಂದೇ ಹೆಗಲಿಗೆ ಬೀಳುವ ವಯಸ್ಸು. ಗಂಡ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋದ ಮೇಲೆ ಹೊಲ ಮನೆ ಎರಡನ್ನೂ ಒಬ್ಬಳೇ ನೋಡಿಕೊಳ್ಳುವ ಹೆಣ್ಣಿನ ವಯಸ್ಸೂ ಅದೇ. ಮನಸ್ಸು ನೊಂದಿದೆ ಎಂದು ಆಕೆ ಹೇಳಿಕೊಳ್ಳುವುದಿಲ್ಲ. ತಲೆನೋವು, ನಿದ್ದೆಯಿಲ್ಲ, ಎದೆ ಡವಡವ ಎನ್ನುತ್ತಾಳೆ. ಭಾಲ್ಕಿಯ ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಂಡು ಊರಿಗೆ ಮರಳುತ್ತಾಳೆ. ಗಂಡಸಾದರೆ ಸೆರೆಯಂಗಡಿಯ ಕಡೆ ಹೊರಳುತ್ತಾನೆ. ಊರು ಅವನನ್ನು ಕುಡುಕನೆನ್ನುತ್ತದೆಯೇ ಹೊರತು ರೋಗಿಯೆನ್ನುವುದಿಲ್ಲ. ರೋಗ ಉಲ್ಬಣಿಸಿದರಂತೂ ‘ತಲಿ ಕೆಟ್ಟದ’ ಎಂಬ ಒಂದೇ ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಆ ಮಾತಿಗೆ ಅಂಜಿ, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಇನ್ನಷ್ಟು ಅಂಜಿ, ಬಂಧುಗಳು ಕಾಯಿಲೆಯನ್ನು ಬಚ್ಚಿಡುತ್ತಾರೆ. ಮೈಗೆ ಜ್ವರ ಬಂದರೆ ಬಚ್ಚಿಡದವರು ಇದನ್ನೇಕೆ ಬಚ್ಚಿಡಬೇಕು? ಬಹುಪಾಲು ಮಾನಸಿಕ ರೋಗಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ತಿಳಿಸಿದೆ.

ಹಾಗೆ ನೋಡಿದರೆ ಗಾದೆ ಮುದುಕರಿಗೂ ನ್ಯಾಯ ಸಲ್ಲಿಸುವುದಿಲ್ಲ. ಅಜ್ಜ ಊಟ ಬಿಟ್ಟು ಮೂಲೆ ಹಿಡಿದರೆ ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ಅದು ಖಿನ್ನತೆಯಿರಬಹುದು. ಅವನ ಮರೆವಿಗೆ ಥೈರಾಯ್ಡ್ ಗ್ರಂಥಿಯ ದೋಷವೋ ಬಿ-12 ಜೀವಸತ್ವದ ಕೊರತೆಯೋ ಕಾರಣವಿರಬಹುದು. ಇವುಗಳಿಗೆ ಮದ್ದುಂಟು.

ಮದ್ದು ದೂರವಿದ್ದ ಕಾಲವೊಂದಿತ್ತು. ರೋಗಿಯನ್ನು ಧಾರವಾಡಕ್ಕೋ, ಹೈದರಾಬಾದಿನ ಎರ್ರಗಡ್ಡಕ್ಕೋ, ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೋ ಕರೆದೊಯ್ಯಬೇಕಾಗಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವೊಂದನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯವೆಂಬುದು ಅದರಿಂದ ಸಿದ್ಧವಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2022ರಲ್ಲಿ ಟೆಲಿ-ಮಾನಸ್ ದೂರವಾಣಿ ಸೇವೆಯೂ ಬಂದಿತು; 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಇಷ್ಟಿದ್ದರೂ ನಲವತ್ತೈದರ ರೈತ ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಿ ಮನೋವೈದ್ಯರ ಬಳಿಗೆ ಬರುವುದು ಸುಲಭವಲ್ಲ. ಅವನು ಹೇಗೂ ಊರಿಂದ ಹೊರಡುವ ಸಂತೆಯ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಆ ವೈದ್ಯರು ಸಿಗುವಂತಾಗಬೇಕು. ಬಾಣಂತಿಯ ಯೋಗಕ್ಷೇಮ ಕೇಳಲು ಮನೆಗೆ ಬರುವ ಆಶಾ ಕಾರ್ಯಕರ್ತೆಯು ಆಕೆಯ ಅತ್ತೆಮಾವಂದಿರನ್ನೂ, ‘ರಾತ್ರಿ ನಿದ್ದೆ ಬರುತ್ತದೆಯೇ?’ ಎಂದು ಒಮ್ಮೆ ಕೇಳಬೇಕು.