ಇನ್ನೊಂದು ಟ್ಯಾಂಕಿಗೆ ಮೊದಲು ಇನ್ವರ್ಟರ್ ಬರಲಿ

ಹಿತ್ತಲಲ್ಲಿ ಬಯೋಫ್ಲಾಕ್ ಮೀನಿನ ಟ್ಯಾಂಕ್ ಇಟ್ಟವರಿಗೆ ಮೊದಲ ಮಾರಾಟದ ದುಡ್ಡು ಬಂದ ಕೂಡಲೇ ಇನ್ನೊಂದು ಟ್ಯಾಂಕ್ ಮೇಲೆ ಕಣ್ಣು. ಅದು ಕೊನೆಯ ಖರ್ಚಾಗಲಿ ಅನ್ನುತ್ತೇನೆ.

ಈ ಟ್ಯಾಂಕಿನಲ್ಲಿ ಮೀನು ಕಿಕ್ಕಿರಿದಿರುತ್ತವೆ. ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೂ ಅದೇ ಆಮ್ಲಜನಕ ಬೇಕು. ಗಾಳಿ ಊದುವ ಬ್ಲೋವರ್ ನಿಂತರೆ ಒಂದೆರಡು ಗಂಟೆಯಲ್ಲೇ ಮೀನು ಸತ್ತು ತೇಲಬಹುದು. ಹಳ್ಳಿ ಕರೆಂಟಿನ ಕಥೆ ನಿಮಗೆ ಹೇಳಬೇಕಿಲ್ಲ.

ಹಾಗಾಗಿ ಮೊದಲು ಇನ್ವರ್ಟರ್ ಅಥವಾ ಜನರೇಟರ್. ಆಮೇಲೆ ಇನ್ನೊಂದು ಬ್ಲೋವರ್, ಒಂದು ಕೆಟ್ಟರೆ ಇರಲಿ ಅಂತ. ಮೂರನೆಯದು ಅಮೋನಿಯಾ, ಆಮ್ಲಜನಕ ಅಳೆಯುವ ಕಿಟ್. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಆದರೂ ಇರಬೇಕು.

ಮತ್ಸ್ಯ ಸಂಪದ ಯೋಜನೆಯ ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60. ಉಳಿದದ್ದಕ್ಕೆ ಸಾಲ ಮಾಡಿದ್ದರೆ ನೆನಪಿರಲಿ: ಮೀನು ಸತ್ತರೂ ಕಂತು ಸಾಯುವುದಿಲ್ಲ.