ಚರ್ಚ್ ಸ್ಟ್ರೀಟಿನ ಜಂಗುಳಿ ನೋಡಿ ಮೈಮರೆಯದಿರೋಣ

ಶನಿವಾರ ಸಂಜೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಇಳಿದು ಚರ್ಚ್ ಸ್ಟ್ರೀಟಿಗೆ ತಿರುಗಿದರೆ ಪರವೂರಿನ ಓದುಗರಿಗೆ ಹಬ್ಬ. ಬ್ಲಾಸಂ, ಬುಕ್‌ವರ್ಮ್ ಪುಸ್ತಕದಂಗಡಿಗಳಲ್ಲಿ ಕಪಾಟುಗಳ ನಡುವೆ ನುಸುಳಲೂ ಜಾಗ ಸಿಗುವುದಿಲ್ಲ. ಬ್ರಿಗೇಡ್ ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಇದೆ. ಇದನ್ನೆಲ್ಲ ಕಂಡವರು ಪುಸ್ತಕದಂಗಡಿಗಳಿಗೆ ಕಷ್ಟ ಬಂದಿದೆ ಎಂದರೆ ನಂಬುವುದಿಲ್ಲ.

ಆದರೆ ಈ ಜಂಗುಳಿಯ ಬಹುಪಾಲು ಇಂಗ್ಲಿಷ್ ಪುಸ್ತಕಗಳದು, ಅದೂ ಒಂದೇ ಬೀದಿಯದು. ರಾಜ್ಯದ ಯಾವುದಾದರೂ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಇಳಿದು ಆಟೋದವರನ್ನು ‘ಪುಸ್ತಕದಂಗಡಿಗೆ ಹೋಗಬೇಕು’ ಎಂದು ಕೇಳಿ ನೋಡಿ. ಹಲವು ಊರುಗಳಲ್ಲಿ ನಮ್ಮನ್ನು ಇಳಿಸಿದ್ದು ನೋಟ್‌ಬುಕ್ಕು, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾರುವ ಅಂಗಡಿಯ ಮುಂದೆ. ಕಾದಂಬರಿ ಕೇಳಿದರೆ ಹುಡುಗ ಒಳಗೆ ಹೋಗಿ ಧೂಳು ಹಿಡಿದ ನಾಲ್ಕು ಪ್ರತಿ ತರುತ್ತಾನೆ. ಕೈಗೆ ಸಿಕ್ಕಿದ್ದನ್ನು ತಿರುವಿ, ಹೆಸರೇ ಕೇಳಿರದ ಲೇಖಕರನ್ನು ಕಂಡುಕೊಳ್ಳುವ ಸುಖ ಅಲ್ಲಿಲ್ಲ. ಇನ್ನು ಹತ್ತು ವರ್ಷದಲ್ಲಿ ಕನ್ನಡ ಪುಸ್ತಕವನ್ನು ಮುಟ್ಟಿ ನೋಡಿ ಕೊಳ್ಳುವ ಜಾಗ ಎರಡು ಮೂರು ನಗರಗಳಿಗೆ ಸೀಮಿತವಾಗಬಹುದು ಎಂಬುದೇ ನಮ್ಮ ಆತಂಕ.

ಒಳ್ಳೆಯ ಅಂಗಡಿ ಒಬ್ಬ ವ್ಯಕ್ತಿಯ ನೆನಪಿನ ಶಕ್ತಿಯ ಮೇಲೆ, ಅಭಿರುಚಿಯ ಮೇಲೆ ನಿಂತಿರುತ್ತದೆ. ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್ ಶಾಪ್‌ನಲ್ಲಿ ಪುಸ್ತಕಗಳು ಛಾವಣಿಯವರೆಗೆ ರಾಶಿಯಾಗಿದ್ದವು. ಕೇಳಿದ ಪುಸ್ತಕ ಯಾವ ರಾಶಿಯ ಯಾವ ಪದರದಲ್ಲಿದೆ ಎಂದು ಅವರಿಗೆ ಗೊತ್ತಿತ್ತು. 2009ರಲ್ಲಿ ಅದು ಮುಚ್ಚಿತು. ಮಂಗಳೂರಿನಲ್ಲಿ ಜಿ.ಎನ್. ಅಶೋಕವರ್ಧನರು 1975ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ 2012ರಲ್ಲಿ ನಿಂತಿತು. ತಮ್ಮ ಅನುಭವಗಳನ್ನು ಬರೆದ ಕೃತಿಗೆ ಅವರಿಟ್ಟ ಹೆಸರು ‘ಪುಸ್ತಕ ಮಾರಾಟ ಹೋರಾಟ’. ಎರಡೂ ಅಂಗಡಿಗಳನ್ನು ಓದುಗರು ಮನೆಯಂತೆ ಪ್ರೀತಿಸಿದ್ದರು. ಆ ಜಾಗಗಳನ್ನು ಮತ್ತೊಬ್ಬರಿಂದ ತುಂಬಲಾಗಲಿಲ್ಲ.

ಅಂಗಡಿ ಒಂದೇ ದಿನದಲ್ಲಿ ಸೋಲುವುದಿಲ್ಲ. ಮೊದಲು ಹೊಸ ಪುಸ್ತಕ ಬರುವುದು ತಡವಾಗುತ್ತದೆ, ಏಕೆಂದರೆ ಹಳೆಯ ಬಾಕಿ ತೀರದೆ ಪ್ರಕಾಶಕರು ಉದ್ರಿ ಕೊಡಲು ಹಿಂಜರಿಯುತ್ತಾರೆ. ಆಮೇಲೆ ಮುಂದಿನ ಮೇಜಿನಲ್ಲಿ ಕವಿತೆಯ ಜಾಗಕ್ಕೆ ಪೆನ್ನು, ಆಟಿಕೆ ಬರುತ್ತವೆ. ಮೂರು ದಶಕ ದುಡಿದ ಸಹಾಯಕರು ಬಿಟ್ಟರೆ ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ‘ಶೇ. 50 ರಿಯಾಯಿತಿ’ ಎಂಬ ಬ್ಯಾನರು ಕಾಣುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅಂದು ಸಾಲಾಗಿ ನಿಂತು ಕೊಳ್ಳುವವರು ಎರಡು ವರ್ಷ ಮೊದಲು ಬಂದಿದ್ದರೆ ಅಂಗಡಿ ಉಳಿಯುತ್ತಿತ್ತೇನೋ.

ಈ ಸೋಲಿನ ಹಿಂದಿರುವ ಬಾಡಿಗೆಯ ಲೆಕ್ಕವನ್ನು ತುಸು ಬಿಡಿಸಿ ಹೇಳಬೇಕು. ಬಾಡಿಗೆ ಏರಿದಾಗ ಹೋಟೆಲಿನವರು ದೋಸೆಯ ಬೆಲೆ ಏರಿಸಬಹುದು. ಪುಸ್ತಕದ ಬೆಲೆಯೋ ಬೆನ್ನ ಮೇಲೆ ಅಚ್ಚಾಗಿರುತ್ತದೆ, ಅಂಗಡಿಯವರು ಒಂದು ರೂಪಾಯಿ ಸೇರಿಸುವಂತಿಲ್ಲ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂಬುದು ನಿಜ. ಆದರೆ ಮಳಿಗೆಯ ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಬಾಡಿಗೆಯ ಮೇಲೆ ಶೇ. 18 ತೆರಿಗೆ ಬೀಳುತ್ತದೆ. ಮೊಬೈಲು ಮಾರುವವರು ಅದನ್ನು ಗಿರಾಕಿಯಿಂದ ಪಡೆದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ತೆರಿಗೆಯಿಲ್ಲದ ಸರಕು ಮಾರುವ ಪುಸ್ತಕದಂಗಡಿಗೆ ಆ ದಾರಿಯಿಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತದೆ. ಇದರ ಮೇಲೆ ಆನ್‌ಲೈನಿನ ಭಾರೀ ರಿಯಾಯಿತಿ. ಅಂಗಡಿಯಲ್ಲಿ ಅರ್ಧ ಗಂಟೆ ಪುಸ್ತಕ ತಿರುವಿ, ಮುಖಪುಟದ ಫೋಟೊ ತೆಗೆದು, ಹೊರಗೆ ನಿಂತು ಮೊಬೈಲಿನಲ್ಲಿ ತರಿಸಿಕೊಳ್ಳುವವರನ್ನು ಅಂಗಡಿಯವರು ದಿನವೂ ನೋಡುತ್ತಾರೆ. ಇದು ಓದುಗರಾದ ನಮ್ಮದೇ ತಪ್ಪು.

ಸರ್ಕಾರಕ್ಕೂ ಕೆಲಸವಿದೆ. ಫ್ರಾನ್ಸ್ 1981ರಲ್ಲೇ ಹೊಸ ಪುಸ್ತಕಕ್ಕೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಕೂಡದೆಂದು ಕಾನೂನು ಮಾಡಿತು. 2023ರಿಂದ ಅಲ್ಲಿ 35 ಯೂರೋ ಒಳಗಿನ ಪುಸ್ತಕಗಳನ್ನು ಮನೆಗೆ ತರಿಸಿದರೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ಕೊಡಬೇಕು. ಅಂಥ ಕಾನೂನು ರಾಜ್ಯದ ಕೈಯಲ್ಲಿಲ್ಲದಿರಬಹುದು. ಬಸ್ ನಿಲ್ದಾಣ, ನಗರಸಭೆಯ ವಾಣಿಜ್ಯ ಸಂಕೀರ್ಣಗಳಲ್ಲಿ ಕನ್ನಡ ಪುಸ್ತಕಕ್ಕೊಂದು ಮಳಿಗೆಯನ್ನು ಹರಾಜಿಗಿಡದೆ ಕಡಿಮೆ ಬಾಡಿಗೆಗೆ ಕೊಡುವುದು ಖಂಡಿತ ಕೈಯಲ್ಲಿದೆ. ಗ್ರಂಥಾಲಯಗಳ ಸಗಟು ಖರೀದಿ ಪ್ರಕಾಶಕರಿಂದಲೇ ನಡೆಯುತ್ತದೆ. ಅದರಲ್ಲೊಂದು ಪಾಲನ್ನು ಆಯಾ ಊರಿನ ಅಂಗಡಿಯ ಮೂಲಕ ಕೊಂಡರೆ ವರ್ಷದ ಬಾಡಿಗೆಗಾದರೂ ಆಸರೆಯಾಗುತ್ತದೆ.

ಧಾರವಾಡಕ್ಕೆ ಹೋದವರು ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಬನ್ನಿ, 1933ರಲ್ಲಿ ಜಿ.ಬಿ. ಜೋಶಿ ಕಟ್ಟಿದ ಸಂಸ್ಥೆ ಅದು. ಬೆಂಗಳೂರಿಗೆ ಬಂದವರು ಚರ್ಚ್ ಸ್ಟ್ರೀಟ್ ಮುಗಿಸಿ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಗೂ ಹೋಗಿ. ಯಾವ ಊರಿಗೆ ಹೋದರೂ ಅಲ್ಲಿನ ಅಂಗಡಿ ಹುಡುಕಿ ಒಂದು ಪುಸ್ತಕವನ್ನು ಅಚ್ಚಾದ ಬೆಲೆಗೆ ಕೊಳ್ಳಿ. ಬಿಲ್ ಬರೆಯುವಾಗ ಎರಡು ಮಾತು ಕೇಳಿ: ಬಾಡಿಗೆ ಕರಾರು ಎಂದು ಮುಗಿಯುತ್ತದೆ, ನಿಮ್ಮ ನಂತರ ಈ ಗಲ್ಲಾದಲ್ಲಿ ಕೂರುವವರು ಯಾರು? ಅವರ ಒಪ್ಪಿಗೆ ಪಡೆದು ಉತ್ತರವನ್ನು ನಮಗೆ ಬರೆದು ಕಳಿಸಿ. ಊರಿನ ಹೆಸರಿನೊಂದಿಗೆ ಪ್ರಕಟಿಸುತ್ತೇವೆ.